ಮೂಡಗಾಳಿ ತಿರುಗಿದ ಮಧ್ಯಾಹ್ನ

ಬೆಂಕಿ ಕಂಡರೆ ನನಗೆ ಮೊದಲಿನಿಂದಲೂ ಜೀವ ಬಾಯಿಗೆ ಬರುತ್ತದೆ. ಒಲೆ ಹಚ್ಚುವಾಗಲೂ ಮುಖ ಆಚೆ ತಿರುಗಿಸುವವಳು ನಾನು. ಅಂಥವಳನ್ನು ಕೊಟ್ಟದ್ದು ಹಾನಗಲ್ ಸೀಮೆಯ ಕಬ್ಬು ಬೆಳೆಯುವ ಮನೆಗೆ. ಕಬ್ಬು ಕಡಿದ ಮೇಲೆ ಹೊಲದ ತುಂಬ ಒಣ ಎಲೆ ಉಳಿಯುತ್ತದೆ. ಅದೇ ರವದಿ. ಅದನ್ನು ಸುಡದಿದ್ದರೆ ನಮ್ಮವರಿಗೆ ನಿದ್ದೆ ಬರುವುದಿಲ್ಲ.

ಸುಡುವುದಕ್ಕೂ ಒಂದು ರೀತಿ ಇದೆ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ, ಹಾಗಾಗಿ ಪಡುವಣ ಬದುವಿನಲ್ಲಿ ಕಡ್ಡಿ ಗೀರಬೇಕು. ಆಗ ಬೆಂಕಿ ಗಾಳಿಗೆ ಎದುರಾಗಿ ತೆವಳುತ್ತದೆ, ಓಡುವುದಿಲ್ಲ. ಆ ವರ್ಷವೂ ಗಂಡ ಒಂದು ಹಿಡಿ ಮಣ್ಣು ತೂರಿ ನೋಡಿದರು.

"ಮೂಡಗಾಳಿನ ಐತಿ. ಅಂಜಬ್ಯಾಡ," ಎಂದು ಹಚ್ಚಿಯೇಬಿಟ್ಟರು.

ಹೊಗೆ ತಾಗದಿರಲಿ ಎಂದು ಅತ್ತೆಯನ್ನು ಮೂಡಣ ಬದುವಿನ ಬೇವಿನ ಮರದ ಕೆಳಗೆ ಕೂಡಿಸಿದ್ದೆವು. ಅವರಿಗೆ ಕಿವಿ ಕೇಳುವುದಿಲ್ಲ. ಉಂಡು ಮಲಗಿದರೆ ಪಕ್ಕದಲ್ಲಿ ಡೊಳ್ಳು ಬಡಿದರೂ ಏಳುವವರಲ್ಲ.

ಮಧ್ಯಾಹ್ನ ಗಾಳಿ ಒಮ್ಮೆ ನಿಂತಿತು. ಆಮೇಲೆ ಪಡುವಣದಿಂದ ನನ್ನ ಬೆನ್ನಿಗೆ ಬೀಸಿತು. ಅಷ್ಟು ಹೊತ್ತು ತೆವಳುತ್ತಿದ್ದ ಬೆಂಕಿ ಆಳೆತ್ತರ ಎದ್ದು ಬೇವಿನ ಮರದ ಕಡೆಗೆ ಓಡಿತು.

"ಅತ್ತೀ, ಏಳ್ರೀ!" ಎಂದು ಒದರಿದೆ. ಯಾರಿಗೆ ಕೇಳಬೇಕು? ಗಂಡ ಆ ಬದಿಯಿಂದ, ನಾನು ಈ ಬದಿಯಿಂದ ಬದು ಹಿಡಿದು ಓಡಿದೆವು. ಹೊಗೆಯಲ್ಲಿ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಅವರನ್ನು ಅಲ್ಲಿ ಕೂಡಿಸಿದವರು ನಾವೇ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಮರ ಮುಟ್ಟುವಷ್ಟರಲ್ಲಿ ಅದರ ಬುಡದ ರವದಿ ಧಗಧಗ ಉರಿಯುತ್ತಿತ್ತು. ಪಕ್ಕದಲ್ಲಿ ಅತ್ತೆಯ ಚಪ್ಪಲಿ ಬಿದ್ದಿದ್ದವು. ಅತ್ತೆ ಇರಲಿಲ್ಲ. ನಾನು ಆ ಉರಿಯತ್ತಲೇ ನುಗ್ಗಹೋದೆ.

ಹಿಂದಿನಿಂದ ಯಾರೋ ರಟ್ಟೆ ಹಿಡಿದು ಎಳೆದರು. ನೋಡಿದರೆ ಅತ್ತೆ! ಪಕ್ಕದವರ ನೇಗಿಲು ಹೊಡೆದ ಹೊಲದಿಂದ ಬರಿಗಾಲಲ್ಲಿ ಬಂದಿದ್ದರು.

"ಮುಖಕ್ಕ ಬಿಸಿ ಗಾಳಿ ಬಡೀತು, ಎಚ್ಚರಾತು. ಗಾಳಿ ತಿರಗೇತಿ ಅಂತ ಒದರಿ ಒದರಿ ಗಂಟಲ ಹರಕೊಂಡೆ. ನಿಮಗೇನ ಕಿವಿ ಕೇಳಂಗಿಲ್ಲೇನ?" ಎಂದು ಬೈದರು.

ಅಷ್ಟರಲ್ಲಿ ಬಂದ ಗಂಡ ಅದನ್ನು ಕೇಳಿ ನಕ್ಕರು. ನನಗೆ ನಗು ಬರಲಿಲ್ಲ. ಬೈಯುತ್ತಲೇ ಅತ್ತೆ ನನ್ನ ರಟ್ಟೆಯನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದರು. ಮನೆ ಮುಟ್ಟುವವರೆಗೂ ಅವರು ಅದನ್ನು ಬಿಡಲಿಲ್ಲ.

ಈಗಲೂ ರವದಿ ಸುಡುವ ದಿನ ಗಂಡ ಮಣ್ಣು ತೂರಿ ಗಾಳಿ ನೋಡುತ್ತಾರೆ. ನಾನು ಅತ್ತೆಯ ಸೆರಗು ಹಿಡಿದು ಅವರ ಪಕ್ಕದಲ್ಲೇ ಕೂತಿರುತ್ತೇನೆ.