ಹವಲ್ದಾರನ ಎದೆಯ ಮೂರು ಬಣ್ಣ

೧೯೮೬ರಲ್ಲಿ, ಏಳನೇ ಕ್ಲಾಸಿನ ಪರೀಕ್ಷೆಗೆ ಮೊದಲೇ, ನಾನು ಓದು ನಿಲ್ಲಿಸಿದೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ವೆಂಕಟರವಣ ನಿಲ್ಲಿಸಲಿಲ್ಲ. ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಬೋರ್ಡು ಬರೆಯುವವರ ಹತ್ತಿರ ಬ್ರಷ್ ತೊಳೆಯಲು ಸೇರಿದೆ. ಅವನು ಹತ್ತನೇ ಕ್ಲಾಸು ಮುಗಿಸಿ ಮಿಲಿಟರಿಗೆ ಹೋದ, ಇಪ್ಪತ್ತು ವರ್ಷಕ್ಕೂ ಮೇಲೆ ಅಲ್ಲಿದ್ದು ಹವಲ್ದಾರನಾಗಿ ಊರಿಗೆ ಬಂದ. ಕ್ಯಾಸಂಬಳ್ಳಿ ಕಡೆಯ ಬಸ್ಸು ಬಂಗಾರಪೇಟೆಗೆ ಬಂದು ನಿಂತರೆ ಅದರಿಂದ ಮೊದಲು ಅವನ ಎದೆ ಇಳಿಯುತ್ತಿತ್ತು, ಆಮೇಲೆ ಅವನು ಇಳಿಯುತ್ತಿದ್ದ.

ಪ್ರತಿ ಡಿಸೆಂಬರ್ ಏಳರಂದು ಆ ಎದೆಯ ಮೇಲೆ, ಜೇಬಿನ ಅಂಚಿಗೆ ಸರಿಯಾಗಿ, ಒಂದು ಪುಟ್ಟ ಕಾಗದದ ಧ್ವಜ ಇರುತ್ತಿತ್ತು. ಕೆಂಪು, ಕಡುನೀಲಿ, ತಿಳಿನೀಲಿ. ಸೈನ್ಯದಲ್ಲಿ ಸತ್ತವರ, ಕೈಕಾಲು ಕಳೆದುಕೊಂಡವರ ಸಂಸಾರಗಳಿಗೆ ಸರ್ಕಾರ ಎತ್ತುವ ನಿಧಿಯ ಗುರುತು ಅದು. ಜಿಲ್ಲೆಯ ಸೈನಿಕ ಕಲ್ಯಾಣದ ಆಫೀಸಿನಿಂದ ಧ್ವಜಗಳ ಕಟ್ಟನ್ನೂ ಮೊಹರು ಹಾಕಿದ ಡಬ್ಬಿಯನ್ನೂ ತಂದು ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಕೆಜಿಎಫ್‌ನ ಗಣಿ ಕೆಲಸಗಾರರ ಸಾಲುಮನೆಗಳ ಲೈನುಗಳನ್ನೆಲ್ಲ ಸುತ್ತುತ್ತಿದ್ದ. ಡಬ್ಬಿಗೆ ಕಾಸು ಹಾಕಿದವರ ಅಂಗಿಗೆ ತಾನೇ ಪಿನ್ನು ಚುಚ್ಚುತ್ತಿದ್ದ. ಕೈಗೆ ಕೊಡು ಎಂದರೆ ಕೊಡುತ್ತಿರಲಿಲ್ಲ. "ಎದೆ ಮೇಲಿದ್ರೆ ಜಂಡಾ. ಜೇಬೊಳ್ಗೆ ಓದ್ರೆ ಬರೀ ಕಾಗ್ದ" ಎನ್ನುತ್ತಿದ್ದ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಉದುರಿ ಬಿದ್ದ ಧ್ವಜಗಳನ್ನು ನೋವಿನ ಮೊಣಕಾಲು ಮಡಿಸಿ ಮಡಿಸಿ ಆಯುತ್ತಿದ್ದ. ಕಸ ಗುಡಿಸುವ ಮುನಿಯಮ್ಮ, "ಏನ್ ಸಾಮಿ, ನನ್ ಕೆಲ್ಸಕ್ಕೇ ಕೈ ಆಕ್ತೀಯಾ?" ಎಂದು ರೇಗಿಸುವಳು. "ನೀನು ಗುಡ್ಸಮ್ಮಾ, ಇದೊಂದು ಬಿಟ್ಟು ಎಲ್ಲಾ ನಿಂದೇ" ಎನ್ನುವನು.

ನಾನು ಎದುರಿನ ನನ್ನ ಅಂಗಡಿಯಲ್ಲಿ ನಂಬರ್ ಪ್ಲೇಟು ಬರೆಯುತ್ತಾ ಇದನ್ನೆಲ್ಲ ನೋಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು. ಈ ತಾಲ್ಲೂಕಿನ ಅರ್ಧ ಲಾರಿಗಳ ಹಿಂದೆ ಇರುವುದು ನನ್ನ ಅಕ್ಷರ. ಬೆಳಗಾಗುವ ಮೊದಲೇ ಶಟರ್ ಎತ್ತುವವನು ನಾನು, ಒಬ್ಬರ ಮುಂದೆ ಕೈ ಚಾಚಿದವನಲ್ಲ. ಆದರೆ ನನ್ನನ್ನು ಕಂಡು ಎದ್ದು ನಿಂತವರು ಯಾರಿದ್ದಾರೆ? ಅವನು ಮನೆಗೆ ಬಂದರೆ ನಮ್ಮಪ್ಪ ತನ್ನ ಕುರ್ಚಿ ಬಿಟ್ಟುಕೊಡುತ್ತಿದ್ದ. ಹೆತ್ತ ಮಗನಿಗೆ ಆ ಕುರ್ಚಿಯಲ್ಲಿ ಒಂದು ದಿನ ಕೂರು ಎಂದವನಲ್ಲ. ನನ್ನ ಹೆಂಡತಿ ರುಕ್ಮಿಣಿಯೂ ಹಾಗೇ. ನಾನು ವರ್ಷಗಟ್ಟಲೆ ಹೇಳಿದರೂ ಕಿವಿಗೆ ಹಾಕಿಕೊಳ್ಳದ ಮಾತನ್ನು ಅವನು ಒಮ್ಮೆ ಹೇಳಿದರೆ ಸಾಕು, "ರವಣಣ್ಣ ಏಳ್ತು ಅಂದ್ಮೇಲೆ ಸರಿಯಾಗೇ ಇರ್ತೈತೆ" ಎನ್ನುವಳು.

ಒಂದು ಸಲ ಬೋರ್ಡಿನ ಅಳತೆಗೆಂದು ಕೆಜಿಎಫ್‌ನ ಚಾಂಪಿಯನ್ ರೀಫ್ಸಿಗೆ ಹೋದಾಗ ಅವನೂ ಡಬ್ಬಿ ಹಿಡಿದು ಜೊತೆಗೆ ಬಂದ. ಟೀ ಅಂಗಡಿಯ ಬೆಂಚಿನ ಮೇಲೆ ಗಣಿಯಲ್ಲಿ ದುಡಿದಿದ್ದ ಮುದುಕರೊಬ್ಬರು ಕೂತಿದ್ದರು. ಧ್ವಜವನ್ನು ನೋಡಿ ತಮಿಳಿನಲ್ಲಿ, "ಎಂದ ಕಟ್ಚಿ ತಂಬಿ?" ಎಂದು ಕೇಳಿದರು, ಯಾವ ಪಾರ್ಟಿಯಪ್ಪಾ ಎಂದು. ಆ ಬೀದಿಗಳಲ್ಲಿ ಕೆಂಪು ನೀಲಿ ಬಾವುಟ ಬಂತೆಂದರೆ ಎಲೆಕ್ಷನ್ ಬಂತೆಂದೇ ಲೆಕ್ಕ. ನಾನು ಗಟ್ಟಿಯಾಗಿ ನಕ್ಕೆ. ಇವನನ್ನು ಗುರುತಿಸದ ಒಂದು ಜಾಗವಾದರೂ ಇದೆಯಲ್ಲ ಎಂದು ಒಳಗೊಳಗೇ ಖುಷಿಯಾಗಿತ್ತು.

ಅವನು ಮುಖ ಸಿಂಡರಿಸಲಿಲ್ಲ. ಮುದುಕರ ಪಕ್ಕದಲ್ಲಿ ಕೂತು ತಮಿಳಿನಲ್ಲೇ ಕೇಳಿದ: ಅಯ್ಯಾ, ಗಣಿಯೊಳಗೆ ಇಳಿದವನು ಮೇಲೆ ಬರದಿದ್ದರೆ ಅವನ ಮನೆಗೆ ನೀವೆಲ್ಲ ಏನು ಮಾಡುತ್ತಿದ್ದಿರಿ? ಮುದುಕರು, ಲೈನಿನವರೆಲ್ಲ ಸೇರಿ ಅಕ್ಕಿ ಎತ್ತುತ್ತಿದ್ದೆವು ಎಂದರು. "ಇದೂ ಅದೇ ಅಯ್ಯಾ. ನಮ್ಮ ಲೈನು ಸ್ವಲ್ಪ ಉದ್ದ, ಅಷ್ಟೇ" ಎಂದ. ಮುದುಕರು ಅಂಗಿ ಹಾಕಿರಲಿಲ್ಲ. ಹೆಗಲ ಟವಲನ್ನು ಎದೆಯ ಮೇಲೆ ಎಳೆದು, ಚುಚ್ಚು ಎಂದು ತೋರಿಸಿದರು. ಮೂವತ್ತು ವರ್ಷ ಆ ಬೀದಿಗಳಲ್ಲಿ ಏಣಿ ಹೊತ್ತವನು ನಾನು. ಆ ಮಾತು ನನ್ನ ಬಾಯಿಗೆ ಬರಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಸಂಕಟವಾಯಿತು.

ಆಮೇಲೆ ಲೇಔಟಿನವನ ವಿಚಾರ. ಬಂಗಾರಪೇಟೆ ಹೊರಗೆ ಸೈಟು ಮಾಡುತ್ತಿದ್ದ ಒಬ್ಬ ನನ್ನ ಅಂಗಡಿಗೆ ಬಂದ. ದಾರಿಯುದ್ದಕ್ಕೂ ನಿಲ್ಲಿಸಲು ಬೋರ್ಡುಗಳು ಬೇಕು, ಮೇಲೆ ಈ ಮೂರು ಬಣ್ಣದ ಧ್ವಜ, ಕೆಳಗೆ 'ಸೈನಿಕ ಕುಟುಂಬಗಳ ನೆರವಿಗಾಗಿ' ಎಂದಿರಬೇಕು. ಅಂಗಡಿಗಳಲ್ಲಿ ಇಡಲು ಅದೇ ಗುರುತಿನ ಡಬ್ಬಿಗಳೂ ಬೇಕು. ಫ್ಲೆಕ್ಸು ಬಂದ ಮೇಲೆ ಬ್ರಷ್ಷಿಗೆ ಕೆಲಸವೇ ಇಲ್ಲದ ಕಾಲ ಅದು. ಅಷ್ಟು ದೊಡ್ಡ ಕೆಲಸ ನಾನು ಕಂಡು ಬಹಳ ದಿನವಾಗಿತ್ತು.

ವಿಷಯ ಹೇಗೆ ತಿಳಿಯಿತೋ, ಮಧ್ಯಾಹ್ನಕ್ಕೆ ವೆಂಕಟರವಣ ಬಂದು ನಿಂತ.

"ಸೀನಾ, ಅದ್ನ ಬರೀಬೇಡ ಕಣ್ಲಾ."

"ಯಾಕ್ಲಾ? ಆ ಜಂಡಾ ನಿಮ್ಮಪ್ಪಂದಾ?"

"ನಂದಲ್ಲ, ಅದುಕ್ಕೇ ಬ್ಯಾಡ ಅಂತಿರೋದು. ನಂದಾಗಿದ್ರೆ ಬರ್ಕೋ ಓಗು ಅಂತಿದ್ದೆ."

ಆಮೇಲೆ ಸ್ಟೂಲಿನ ಮೇಲೆ ಕೂತು ನಂದಿದುರ್ಗ ಲೈನಿನ ಸೆಲ್ವಿಯ ಮಾತು ತೆಗೆದ. ಗಂಡ ಗಡಿಯಲ್ಲಿ ಹೋದವನು, ಮಗಳು ನರ್ಸಿಂಗ್ ಓದುತ್ತಿದ್ದಳು, ಹಾಸ್ಟೆಲಿಗೆ ನೆರವು ಈ ನಿಧಿಯಿಂದಲೇ ಬರುತ್ತಿತ್ತು. "ಇವ್ನು ಡಬ್ಬಿ ಇಟ್ಟು ಜನಕ್ಕೆ ಒಂದ್ಸಲ ಟೋಪಿ ಆಕ್ಲಿ. ಮುಂದಿನ್ ವರ್ಸ ನಾನು ಓದ್ರೆ ನಂಗೂ ಕಳ್ಳ ಅಂತಾರೆ. ಆವಾಗ ಆ ಮಗೀಗೆ ಏನ್ಲಾ ಏಳ್ಲಿ?"

"ನಿನ್ ಪಾಠ ಸಾಕು, ಎದ್ದೋಗು" ಎಂದೆ.

ಆದರೆ ಸಂಜೆ ಲೇಔಟಿನವನು ಬಂದಾಗ, ಸರ್ಕಾರದ ಒಪ್ಪಿಗೆ ಕಾಗದ ತನ್ನಿ, ಬರೆಯುತ್ತೇನೆ ಎಂದೆ. ವೆಂಕಟರವಣ ಹೇಳಿದನೆಂದು ಅಲ್ಲ. ನನ್ನ ಕೈಯಿಂದ ಸುಳ್ಳು ಬೋರ್ಡು ಹೋಯಿತೆಂದು ನಾಳೆ ಒಬ್ಬನೂ ಅನ್ನಬಾರದು, ಅದಕ್ಕೆ. "ಬೋರ್ಡ್ ಬರೆಯೋನಿಗೆ ಯಾಕಯ್ಯಾ ಅದೆಲ್ಲ?" ಎಂದು ನಕ್ಕು, ಎದುರು ರಸ್ತೆಯ ಫ್ಲೆಕ್ಸಿನ ಅಂಗಡಿಗೆ ಹೋದ. ಮಾರನೆಯ ದಿನವೇ ಬೋರ್ಡುಗಳು ರಸ್ತೆಯಲ್ಲಿ ನಿಂತವು.

ವೆಂಕಟರವಣ ಇಸ್ತ್ರಿ ಅಂಗಿ ಹಾಕಿಕೊಂಡು ತಾಲ್ಲೂಕು ಆಫೀಸಿಗೂ ಪೊಲೀಸ್ ಸ್ಟೇಷನ್ನಿಗೂ ದಿನಾ ಹೋಗಿ ನಿಂತ. ಅಂಗಡಿ ಅಂಗಡಿಗೆ ನುಗ್ಗಿ, "ಮೊಹರಿಲ್ದ ಡಬ್ಬಿಗೆ ಕಾಸು ಆಕ್ಬೇಡ್ರಪ್ಪಾ" ಎಂದ. ಲೇಔಟಿನ ಹುಡುಗರು ನಡುರಸ್ತೆಯಲ್ಲಿ ಬಾಯಿಗೆ ಬಂದಂತೆ ಬೈದರು. ಅವನು ಪೆರೇಡಿನಲ್ಲಿ ನಿಂತವನ ಹಾಗೆ ನಿಂತು ಕೇಳಿಸಿಕೊಂಡ. ಕೊನೆಗೆ ಬೋರ್ಡುಗಳು ಇಳಿದವು, ಡಬ್ಬಿಗಳು ಸ್ಟೇಷನ್ನಿಗೆ ಹೋದವು. ಬಸ್‌ಸ್ಟ್ಯಾಂಡಿನ ವರ್ತಕರೆಲ್ಲ ಸೇರಿ ಅವನಿಗೆ ಶಾಲು ಹೊದಿಸಿದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮೊದಲು ಇಲ್ಲ ಎಂದವನು ನಾನು, ಗಿರಾಕಿ ಕಳೆದುಕೊಂಡವನೂ ನಾನು. ಅವನು ಮೈಕಿನ ಮುಂದೆ ಎಲ್ಲರ ಹೆಸರೂ ಹೇಳಿದ, ನನ್ನದೊಂದನ್ನು ಬಿಟ್ಟು.

ಅವತ್ತೇ ದಾರಿಯಲ್ಲಿ ಅಡ್ಡ ಹಾಕಿದೆ. "ನನ್ನೆಸ್ರು ನಿನ್ ಬಾಯಿಗೆ ಬರ್ಲಿಲ್ವೇನ್ಲಾ?"

"ಅಲ್ಲಿ ಸೈಟು ಮಾಡೋರೇ ಎಂಟತ್ತು ಜನ ಕೂತಿದ್ರು. ಸೀನ ಕಾಗ್ದ ಕೇಳ್ತಾನೆ ಅಂತ ಮೈಕಲ್ಲಿ ಏಳಿದ್ರೆ ನಾಳೆಯಿಂದ ಯಾರ್ಲಾ ನಿಂಗೆ ಕೆಲ್ಸ ಕೊಡ್ತಾರೆ? ನಂಗೆ ಪೆನ್ಸನ್ ಐತೆ. ನಿಂಗೇನೈತೆ?"

ನನ್ನೊಬ್ಬನದೇ ಎನ್ನುವ ಒಳ್ಳೆಯತನ ಒಂದಿತ್ತು, ಆ ಬೋರ್ಡು ಬರೆಯದೇ ಇದ್ದದ್ದು. ಅದರಲ್ಲೂ ಅವನೇ ಮುಂದೆ ನಿಂತಿದ್ದ.

ಹೋದ ಆಷಾಢದಲ್ಲಿ ಲಕ್ವ ಹೊಡೆದು ಅವನ ಎಡಗೈ ಬಿದ್ದುಹೋಯಿತು. ನೋಡಲು ಹೋದೆ. ಮಂಚದ ಮೇಲೆ ಆ ಎದೆ ಸಣ್ಣದಾಗಿ ಕಂಡಿತು. ಮಾತು ತೊದಲುತ್ತಿತ್ತು. "ಡಿಸೆಂಬರ್‌ಗೆ ನಿನ್ನಂಗ್ಡಿ ಮುಂದೆ ಟೇಬಲ್ ಆಕ್ಲಾ. ಆಫೀಸ್ನೋರ್ಗೆ ನಿನ್ನೆಸ್ರೇ ಏಳಿದೀನಿ."

"ನಿನ್ ಮಗಂಗೆ ಏಳು."

"ಅವ್ನು ಮುಲಾಜಿಗೆ ಬಿದ್ದು ಯಾರ್ ಕೇಳಿದ್ರೂ ಡಬ್ಬಿ ಕೊಟ್ಬಿಡ್ತಾನೆ. ನೀನು ಕೊಡಾಕಿಲ್ಲ. ಚಿಕ್ಕೋನಾಗಿದ್ದಾಗಿಂದ್ಲೂ ನೀನು ಕೊಡಾಕಿಲ್ಲ ನನ್ಮಗ್ನೆ" ಎಂದು ಬಾಯಿ ಸೊಟ್ಟ ಮಾಡಿಕೊಂಡು ನಕ್ಕ.

ಶ್ರಾವಣದಲ್ಲಿ ಹೋದ.

ಡಿಸೆಂಬರ್ ಏಳಕ್ಕೆ ಟೇಬಲ್ ಹಾಕಿದೆ. ಬಂದವರ ಎದೆಗೆ ನಾನೇ ಚುಚ್ಚಿದೆ. ಬಂದವರೆಲ್ಲ ಕೇಳಿದ್ದು ಒಂದೇ, ಹವಲ್ದಾರರು ಎಲ್ಲಿ ಎಂದು. ತೀರಿಕೊಂಡರು ಎಂದು ನಾನು ಹೇಳುತ್ತಲೇ ಇದ್ದೆ, ಅವರು ಅವನನ್ನು ಹೊಗಳುತ್ತಲೇ ಇದ್ದರು. ಸಂಜೆಯವರೆಗೂ ನನ್ನ ಟೇಬಲಿನ ಮುಂದೆ ಅವನದೇ ಹೆಸರು.

ನನಗೆ ಐವತ್ತು ದಾಟಿದೆ. ಒಂದು ಅಂಗಡಿ ಇದೆ, ಸ್ವಂತದ್ದು. ಮೇಲೆ ಎರಡು ರೂಮಿನ ಮನೆ. ಎರಡು ಸೀಮೆ ಹಸು, ಒಂದು ಮೊಪೆಡ್ಡು, ಮದುವೆ ಮಾಡಿಕೊಟ್ಟ ಇಬ್ಬರು ಹೆಣ್ಣುಮಕ್ಕಳು. ಹೊಟ್ಟೆಕಿಚ್ಚು ಪಡೋಣವೆಂದರೆ ಒಬ್ಬನೂ ಇಲ್ಲ.