ಸುಮ್ಮನೆ ಉರಿಯುತ್ತಿದ್ದ ದೀಪ

ನಮ್ಮ ಎಲೆಕ್ಟ್ರಾನಿಕ್ಸ್ ಮೇಷ್ಟ್ರ ಬಲಗೈ ಹೆಬ್ಬೆರಳು ಬೆಸುಗೆ ಹಾಕಿ ಹಾಕಿ ಸುಟ್ಟು, ಹುಣಸೆಬೀಜದ ಹಾಗೆ ಗಟ್ಟಿಯಾಗಿ ಹೊಳೆಯುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ, ಹಾಸನದ ಕಾಲೇಜಿನಲ್ಲಿ, ನನ್ನ ಪ್ರಾಜೆಕ್ಟನ್ನು ಆ ಬೆರಳಿನಿಂದಲೇ ಪಕ್ಕಕ್ಕೆ ತಳ್ಳಿದ್ದರು. ರಾಮನಾಥಪುರದಲ್ಲಿ ಹೊಗೆಸೊಪ್ಪನ್ನು ಕಾವು ಕೊಟ್ಟು ಹದ ಮಾಡುವ ನಮ್ಮ ಬ್ಯಾರನ್ನಿನಲ್ಲಿ ಕಾವು ಚೂರು ಏರಿಳಿದರೂ ಗಂಟೆ ಬಾರಿಸುವ ಯಂತ್ರ ಅದು. ನಾನೋ ಮಹಾ ಸಾಧಿಸಿದವನಂತೆ ಬೀಗುತ್ತಿದ್ದೆ.

"ನಿಮ್ಮವ್ವ ಅಡಿಗೆ ಮಾಡ್ಬೇಕೋ, ಇದರ ಕೂಗು ಕೇಳ್ಬೇಕೋ? ಒಲೆ ಪಕ್ಕ ಒಂದು ಬಲ್ಬ್ ಇಡು ಕಣ್ಲಾ. ಸರಿ ಇದ್ರೆ ಸುಮ್ಕೆ ಉರೀಲಿ, ಕೆಟ್ರೆ ಆರ್ಲಿ. ಜನರ ಗ್ಯಾನ ಕದಿಯೋ ಯಂತ್ರ ಯಾಕ್ಲಾ ಬೇಕು?" ಎಂದರು. ಗಮನಕ್ಕೆ ಅವರು ಗ್ಯಾನ ಎಂದೇ ಅನ್ನುತ್ತಿದ್ದರು.

ಅಂಥದೊಂದು ಬಲ್ಬು ಅವರ ಮನೆಯಲ್ಲೇ ಇತ್ತು. ಪಾರ್ಶ್ವವಾಯು ಹೊಡೆದ ಅವರ ಹೆಂಡತಿ ಒಳಕೋಣೆಯಲ್ಲಿ ಮಲಗಿರುತ್ತಿದ್ದರು. ಒಬ್ಬರೇ ಎದ್ದರೆ ಬೀಳುತ್ತಿದ್ದರು. ಹಾಸಿಗೆಯಡಿ ಒಂದು ಸ್ವಿಚ್ಚು. ಅದರ ಮೇಲೆ ಭಾರವಿರುವಷ್ಟು ಹೊತ್ತು ಹಾಲ್‌ನ ಗೋಡೆಯಲ್ಲಿ ಪುಟ್ಟ ಬಲ್ಬು ಉರಿಯುತ್ತಿತ್ತು. ಮೇಷ್ಟ್ರು ಅಲ್ಲೇ ಕೂತು ನಮಗೆ ಪಾಠ ಹೇಳುವಾಗ ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಆರಿತೋ, ಅರ್ಧ ಮಾತಿಗೇ ಎದ್ದು ಓಡುತ್ತಿದ್ದರು.

"ಕರೆಯೋಕೆ ಮುಂಚೇನೇ ಬಂದ್ಬುಡ್ತಾರೆ ನೋಡ್ರಪ್ಪ," ಎಂದು, ನಾವು ಅಮ್ಮ ಎನ್ನುತ್ತಿದ್ದ ಆಕೆ ಒಳಗಿಂದ ನಗುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಮೇಲೆ ಅಮ್ಮ ತೀರಿಕೊಂಡರು. ಕೆಲವು ವಾರ ಬಿಟ್ಟು ಮೇಷ್ಟ್ರನ್ನು ಮಾತಾಡಿಸಲು ಹೋದರೆ, ಗೋಡೆಯ ಬಲ್ಬು ಉರಿಯುತ್ತಿತ್ತು. ಅದನ್ನೇ ನೋಡುತ್ತ ಹೊಸ್ತಿಲಲ್ಲೇ ನಿಂತೆ.

"ಒಳಗೋಗಿ ನೋಡು," ಎಂದರು.

ಮಂಚದ ಮೇಲೆ ಅರ್ಧ ಮೂಟೆ ರಾಗಿ ಇತ್ತು.

"ಆರಿದ್ರೆ ಗ್ಯಾನವೆಲ್ಲ ಅಲ್ಲೇ ಓಯ್ತದೆ ಕಣ್ಲಾ. ಎದ್ದೆದ್ದು ಓಡ್ತೀನಿ. ಅಲ್ಲಿ ಯಾರಿದಾರೆ?" ಎಂದರು. ಎದ್ದು ಕಾಫಿಗೆ ಇಟ್ಟರು.

ಇವತ್ತಿಗೂ ನಾನು ಮಾಡುವ ಯಾವ ಯಂತ್ರಕ್ಕೂ ಗಂಟೆ ಕೂರಿಸಲು ನನಗೆ ಮನಸ್ಸು ಬರುವುದಿಲ್ಲ. ಆ ಋಣ ಅವರದು.

ಅಮ್ಮ ಹೋದ ಎರಡು ವರ್ಷಕ್ಕೆ ಮೇಷ್ಟ್ರೂ ಹೋದರು. ಹಾಲ್‌ನಲ್ಲಿ, ಗೋಡೆಯ ಆ ಬಲ್ಬಿನ ಕೆಳಗೇ ಮಲಗಿಸಿದ್ದರು. ಬಂದ ಹೆಂಗಸರಿಗೆ ಕೂರಲು ಜಾಗ ಬೇಕು, ಮಂಚ ಖಾಲಿ ಮಾಡಿಕೊಡಪ್ಪ ಎಂದು ಚನ್ನರಾಯಪಟ್ಟಣದಿಂದ ಬಂದಿದ್ದ ಅವರ ತಂಗಿ ನನಗೆ ಹೇಳಿದರು. ಒಳಗೆ ಹೋಗಿ ಆ ರಾಗಿ ಮೂಟೆ ಎತ್ತಿದೆ.

"ಅಯ್ಯೋ, ಅಣ್ಣನ ತಲೆ ಮೇಲಿನ ದೀಪ ಆರೋಯ್ತಲ್ಲಪ್ಪಾ!" ಎಂದು ಹಾಲ್‌ನಿಂದ ಆಕೆ ಕೂಗಿದರು.

ಮೇಷ್ಟ್ರನ್ನು ಎತ್ತಿಕೊಂಡು ಹೋಗುವ ತನಕವಾದರೂ ಅವರು ಎದ್ದು ಓಡುವ ಹಾಗಾಗದಿರಲಿ ಎಂದು ಮೂಟೆಯನ್ನು ಮತ್ತೆ ಮಂಚದ ಮೇಲಿಟ್ಟೆ.