ಕಬಿತದಲ್ಲಿ ಕಮಲಳ ಹೆಸರು

ಹಿರಿಯಡ್ಕದ ಸುಗಂಧಿಗೆ ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ. ಸುಳ್ಳಲ್ಲ. ಮೀನಿನವನು ಹಳಸಿದ ಬಂಗುಡೆ ಕೊಟ್ಟರೆ ಅವನ ಅಜ್ಜನವರೆಗೂ ಹೋಗಿ ಬರುವ ಹೆಂಗಸು. ಆದರೆ ನಾಟಿಯ ದಿನ ಅದೇ ಬಾಯಿಗೆ ಎಲ್ಲಿಲ್ಲದ ಮರ್ಯಾದೆ. ಸುತ್ತಲಿನ ಗದ್ದೆಗಳಿಗೆಲ್ಲ ಯಂತ್ರ ಬಂದಾಯಿತು. ಮುದ್ದಣ್ಣ ಶೆಟ್ಟರ ಗದ್ದೆಯಲ್ಲಿ ಮಾತ್ರ ಕೆಸರು ಆಳ, ಯಂತ್ರ ಹೂತುಹೋಗುತ್ತದೆ. ಹಾಗಾಗಿ ಅಲ್ಲಿ ಈಗಲೂ ಹೆಂಗಸರೇ ನೇಜಿ, ಅಂದರೆ ಭತ್ತದ ಸಸಿ, ನೆಡುವುದು. ನೆಡುವಾಗ ಹಾಡುವ ಕಬಿತಕ್ಕೆ ಸುಗಂಧಿಯೇ ಮುಂದಾಳು.

ಅವರ ಕಬಿತಕ್ಕೆ ಒಂದು ಕ್ರಮ ಉಂಟು. ಬೆಳಿಗ್ಗೆ ಸಾಲಿನಲ್ಲಿ ನಿಂತವರ ಹೆಸರು ಹಿಡಿದು ಕೀಟಲೆ: ಇವಳ ಗಂಡನ ಗೊರಕೆ, ಅವಳ ಸೊಸೆಯ ಮೊಬೈಲು. ಹೆಸರು ಬಂದವಳು ರಾಗದಲ್ಲೇ "ಓ" ಎನ್ನಬೇಕು. ಸಂಜೆ ಕೊನೆಯ ಗದ್ದೆಗೆ ಇಳಿದಾಗ ರಾಗವೂ ಇಳಿಯುತ್ತದೆ. ಆಗ ಅದೇ ಕೆಸರಿನಲ್ಲಿ ನೆಟ್ಟು ತೀರಿಹೋದವರ ಹೆಸರು. ಅದಕ್ಕೆ ಎಲ್ಲರೂ ಸೇರಿ ಓಗೊಡುತ್ತಾರೆ.

ಕಳೆದ ದೀಪಾವಳಿಗೆ ಮೊದಲು ಕಮಲ ಹೋದಳು. ಜ್ವರವೆಂದು ಆಸ್ಪತ್ರೆ ಸೇರಿದವಳು ತಿರುಗಿ ಬರಲಿಲ್ಲ. ಮದುವೆಯಾಗಿ ಬಂದಂದಿನಿಂದ ಸುಗಂಧಿಯ ಎಡಬದಿಗೆ ನಿಂತು ನೆಟ್ಟ ಜೀವ ಅದು. ಒಡಹುಟ್ಟಿದವರೂ ಅಷ್ಟು ಹತ್ತಿರ ಇರುವುದಿಲ್ಲ.

ಈ ಮಳೆಗಾಲ ಕಮಲಳ ಮಗಳು ಮೋಕ್ಷಾ, ಮಣಿಪಾಲದ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು, ರಜೆ ಹಾಕಿ ನಾಟಿಗೆ ಬಂದಳು.

"ಸುಗಂಧಿಯಕ್ಕ, ಸಂಜೆ ಅಮ್ಮನ ಹೆಸರು ಹಾಡ್ತೀರಿ ಅಲ್ವಾ? ಅದನ್ನು ಕೇಳಲಿಕ್ಕೇ ಬಂದದ್ದು."

"ನೋಡುವ. ಮೊದಲು ನೇಜಿ ಸರಿ ಹಿಡಿ. ಎಂತದು, ಸೂಜಿ ಹಿಡಿದ ಹಾಗೆ!"

ಹಾಡಬಾರದೆಂದೇ ಸುಗಂಧಿಯ ಮನಸ್ಸು. ಸಂಜೆಯ ರಾಗಕ್ಕೆ ಹೆಸರು ಸೇರಿಸಿದರೆ ಕಮಲ ಸತ್ತದ್ದು ಖಾಯಂ ಆದಂತೆ. ಗಂಟಲು ಕಟ್ಟಿದೆ ಎಂದು ನೆಪ ಹೇಳಿ ಮಧ್ಯಾಹ್ನವೇ ಜಾರಿಕೊಳ್ಳುವ ಉಪಾಯ ಹೂಡಿ, ಬಲಬದಿಗೆ ನೆಡುವ ಪ್ರಣೀತಾಳಿಗೆ ಮಾತ್ರ ಹೇಳಿದ್ದಳು.

ಆದದ್ದೇ ಬೇರೆ. ಬೆಳಗಿನ ಕೀಟಲೆ ರಂಗೇರಿತ್ತು. ಬಲಬದಿಯ ಪ್ರಣೀತಾಳ ಚಳಿ ಬಿಡಿಸಿದ ಸುಗಂಧಿಯ ನಾಲಿಗೆ, ರೂಢಿಯ ಮೇಲೆ ಎಡಕ್ಕೆ ಹೊರಳಿ, "ಕಮಲಾ, ನಿನ್ನ ಸಾಲು ಯಾಕೆ ಸೊಟ್ಟ?" ಎಂದು ಹಾಡಿಬಿಟ್ಟಿತು.

ಓ ಎನ್ನುವವರಿಲ್ಲ. ಬಗ್ಗಿದವರು ಬಗ್ಗಿದಲ್ಲೇ ನಿಂತರು. ಗದ್ದೆಯ ಅಂಚಿನ ಹುಣಿಯ ಮೇಲಿಂದ ಮುದ್ದಣ್ಣ ಶೆಟ್ಟರು, "ಎಂತಾಯ್ತು ಮಾರಾಯ್ರೇ?" ಎಂದರು.

ಪ್ರಣೀತಾ ಮೆಲ್ಲಗೆ ಹೇಳಿದಳು: "ಇನ್ನು ನೀವು ಮನೆಗೆ ಹೋಗುವ ಹಾಗಿಲ್ಲ ಅಕ್ಕ. ಬದುಕಿದವರ ರಾಗದಲ್ಲಿ ಕರೆದಿರಿ. ಅವರು ಬಂದು ನಿಂತಿರ್ತಾರೆ. ಸಂಜೆ ಹಾಡಿ ಕಳಿಸಿಕೊಡಬೇಕು."

ಆ ಹೆಂಗಸರ ನಂಬಿಕೆ ಅದು. ಸುಗಂಧಿಯದೂ ಅದೇ.

ಸುಗಂಧಿ ಮನೆಗೆ ಹೋಗಲಿಲ್ಲ. ಆದರೆ ಅವಳ ಕೈ ನಿಧಾನವಾಯಿತು. ನೆಟ್ಟದ್ದನ್ನು ಕಿತ್ತು ಮತ್ತೆ ನೆಟ್ಟಳು. ಚಹಾಕ್ಕೆ ಕುಳಿತರೆ ಏಳಲಿಲ್ಲ. ಕೊನೆಯ ಗದ್ದೆಯಲ್ಲಿ ಹೊತ್ತು ಮುಳುಗುತ್ತ ಬಂದರೂ ರಾಗ ಎತ್ತಲಿಲ್ಲ. ಬಂದವಳು ಇನ್ನೂ ಸ್ವಲ್ಪ ಹೊತ್ತು ಪಕ್ಕದಲ್ಲಿರಲಿ ಎಂಬ ಆಸೆ ಅವಳಿಗೆ. ಎಲ್ಲರಿಗೂ ಅರ್ಥವಾಗಿತ್ತು, ಯಾರೂ ಅವಸರ ಮಾಡಲಿಲ್ಲ.

ಮೋಕ್ಷಾ ಸೊಂಟ ನೆಟ್ಟಗೆ ಮಾಡಿ ನಿಂತಳು. ಒಂದೇ ದಿನಕ್ಕೆ ಬೆನ್ನು ಮುರಿದಂತಾಗಿತ್ತು.

"ಸುಗಂಧಿಯಕ್ಕ, ಅಮ್ಮನಿಗೆ ಸೊಂಟನೋವು ಇತ್ತಲ್ವಾ. ಎಷ್ಟು ಹೊತ್ತು ಅಂತ ನಿಲ್ಲಿಸ್ತೀರಿ?"

ಸುಗಂಧಿ ಕೈಯಲ್ಲಿದ್ದ ನೇಜಿಯನ್ನು ನೀರಿಗೆ ಬಿಟ್ಟಳು. ರಾಗ ಇಳಿಸಿ, ಕಮಲಳ ಹೆಸರನ್ನು ಪೂರ್ತಿಯಾಗಿ ಹಾಡಿದಳು. ಎಲ್ಲರೂ ಓಗೊಟ್ಟರು.